ಯಂತ್ರದೋಣಿ ಕೊಳ್ಳುವ ಮುನ್ನ

ಬೀದರ ಜಿಲ್ಲೆ ಕಡಲಿಗೆ ಬಹು ದೂರ. ಇಲ್ಲಿ ದೋಣಿಯ ಮಾತೇಕೆಂದು ವಾಚಕರು ಕೇಳಬಹುದು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿಯಿರುವ ಕಾರಂಜಾ ಜಲಾಶಯವು ತುಂಬಿದಾಗ 7.69 ಟಿಎಂಸಿ ನೀರನ್ನು ಹಿಡಿಯುತ್ತದೆ. ಭಾಲ್ಕಿ, ಔರಾದ ತಾಲ್ಲೂಕುಗಳಿಗೆ ಮಾಂಜ್ರಾ ನದಿಯುಂಟು. 2025ರ ಮಳೆಗಾಲದಲ್ಲಿ ಅದು ಉಕ್ಕಿ ಹೊಲಗಳನ್ನು ಮುಳುಗಿಸಿತು. ಮೀನುಗಾರಿಕೆಗಾಗಿಯೋ ನೆರೆಯ ಕಾಲಕ್ಕೆಂದೋ ಯಂತ್ರದೋಣಿಯನ್ನು ಕೊಳ್ಳುವ ಯೋಚನೆ ಇಲ್ಲಿ ಹುಟ್ಟುವುದು ಸಹಜವೇ. ಆದರೆ ಅದನ್ನು ನಡೆಸುವ ವಿದ್ಯೆಗೂ ಹಣವನ್ನು ತೆಗೆದಿಡದವರು ದೋಣಿ ಕೊಳ್ಳದಿರುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಟ್ರಾಕ್ಟರು ನಡೆಸಬಲ್ಲವನು ದೋಣಿಯನ್ನೂ ನಡೆಸಬಲ್ಲನೆಂಬ ನಂಬಿಕೆಯೇ ಮೊದಲ ತೊಡಕು. ಟ್ರಾಕ್ಟರಿನ ಮುಂಗಾಲಿ ತಿರುಗಿದತ್ತ ಬಂಡಿ ಹೋಗುತ್ತದೆ. ದೋಣಿಯ ಯಂತ್ರವಿರುವುದು ಹಿಂದೆ; ಅದು ಹಿಂಭಾಗವನ್ನು ಬಲಕ್ಕೆ ದಬ್ಬಿದಾಗ ಮೂತಿ ಎಡಕ್ಕೆ ಹೊರಳುತ್ತದೆ. ದಡಕ್ಕೆ ಒತ್ತಿ ನಿಂತ ದೋಣಿಯನ್ನು ಒಮ್ಮೆಲೇ ಹೊರಕ್ಕೆ ತಿರುಗಿಸಿದರೆ ಹಿಂಭಾಗವು ಕಲ್ಲಿಗೆ ಬಡಿಯುವುದು ಖಂಡಿತ, ಪ್ರೊಪೆಲರು ಇರುವುದೂ ಅಲ್ಲಿಯೇ. ನೀರಿನಲ್ಲಿ ಬ್ರೇಕೂ ಇಲ್ಲ. ಯಂತ್ರ ನಿಂತರೂ ಹೊರೆ ಹೊತ್ತ ದೋಣಿ ಜಡತ್ವದಿಂದ ಜಾರುತ್ತಲೇ ಇರುತ್ತದೆ. ಬೇರೆ ಚುಕ್ಕಾಣಿಯಿಲ್ಲದ ದೋಣಿಯಾದರೆ ಅದರ ದಿಕ್ಕೂ ಕೈಮೀರುತ್ತದೆ. ಆದಕಾರಣ ಗಾಳಿಗೆ ಅಥವಾ ಪ್ರವಾಹಕ್ಕೆ ಎದುರಾಗಿ, ನಿಧಾನವಾಗಿ ದಡ ಸೇರಬೇಕು.

ಇನ್ನು ಪ್ರೊಪೆಲರಿನ ವಿಚಾರ. ಇದು ನೀರಿನಲ್ಲಿ ಕೊರೆಯುತ್ತ ಸಾಗುವ ತಿರುಪು. ಒಂದು ಸುತ್ತಿಗೆ ಅದು ಸಾಗಬೇಕಾದ ದೂರಕ್ಕೆ ಪಿಚ್ ಎಂದು ಹೆಸರು. 10 ಅಂಗುಲ ಪಿಚ್ಚಿನ ಪ್ರೊಪೆಲರು ನಿಮಿಷಕ್ಕೆ 2500 ಸುತ್ತು ತಿರುಗಿದರೆ ಗಂಟೆಗೆ 38 ಕಿಲೋಮೀಟರು ಓಡಬೇಕು. ನೀರು ಮರದಂತೆ ಗಟ್ಟಿಯಲ್ಲವಾದ್ದರಿಂದ ಅಷ್ಟು ಓಡುವುದಿಲ್ಲ. ಬೀದರದ ಪ್ರಸ್ಥಭೂಮಿಯು ಸಮುದ್ರಮಟ್ಟದಿಂದ ಸುಮಾರು 650 ಮೀಟರು ಎತ್ತರದಲ್ಲಿದೆ. 40 ಡಿಗ್ರಿ ಬಿಸಿಲಿನ ದಿನ ಇಲ್ಲಿನ ಗಾಳಿಯು, ಸಮುದ್ರಮಟ್ಟದ 15 ಡಿಗ್ರಿಯ ಗಾಳಿಗಿಂತ ನೂರಕ್ಕೆ ಸುಮಾರು 15ರಷ್ಟು ತೆಳು. ಯಂತ್ರದ ಉಸಿರೂ ಬಲವೂ ಅಷ್ಟರಮಟ್ಟಿಗೆ ಕುಗ್ಗುತ್ತವೆ. ಕರಾವಳಿಯಲ್ಲಿ ಸರಿಯಾಗಿದ್ದ ಪ್ರೊಪೆಲರೇ ಇಲ್ಲಿ ತುಂಬಿದ ದೋಣಿಗೆ ಭಾರವಾಗಿ, ಯಂತ್ರವು ತನ್ನ ನಿಯಮಿತ ವೇಗ ಮುಟ್ಟದೆ ಏದುಸಿರು ಬಿಡಬಹುದು. ಪಿಚ್ಚನ್ನು ಒಂದಂಗುಲ ಇಳಿಸಿ ನೋಡುವುದು ಇದಕ್ಕೆ ಮದ್ದು. ಮಾರುವವನು ಇದನ್ನು ತಾನಾಗಿ ಹೇಳುವನೆಂದು ನಂಬಿ ಕೂರಬಾರದು.

ಜಲಾಶಯದ ತಳವೆಂದರೆ ಮುಳುಗಿದ ಹೊಲ. ಮಳೆಗಾಲ ಮುಗಿದಾಗ ಎರಡಾಳಿನ ಆಳದಲ್ಲಿದ್ದ ಬದುವಿನ ಕಲ್ಲು, ಮರದ ಬೊಡ್ಡೆಗಳು ಬೇಸಗೆಯಲ್ಲಿ ಪ್ರೊಪೆಲರಿನ ಮಟ್ಟಕ್ಕೆ ಬಂದಿರುತ್ತವೆ. ಸಣ್ಣ ಯಂತ್ರಗಳಲ್ಲಿ ಇಂತಹ ಪೆಟ್ಟಿಗೆ ತಾನು ಮುರಿದು ಗೇರುಗಳನ್ನು ಉಳಿಸಲೆಂದೇ ಷಿಯರ್ ಪಿನ್ ಎಂಬ ಮೆದುಲೋಹದ ಕಡ್ಡಿಯೊಂದುಂಟು. ಪದೇ ಪದೇ ಮುರಿಯುತ್ತದೆಂದು ಬೇಸತ್ತು ಅಲ್ಲಿ ಉಕ್ಕಿನ ಮೊಳೆ ಹಾಕುವುದು, ಫ್ಯೂಸು ಸುಟ್ಟಿತೆಂದು ದಪ್ಪ ತಂತಿ ಕಟ್ಟಿದಂತೆಯೇ ಸರಿ! ದೊಡ್ಡ ಯಂತ್ರಗಳಲ್ಲಿ ಪ್ರೊಪೆಲರಿನ ನಡುವಿನ ರಬ್ಬರು ಈ ಕೆಲಸ ಮಾಡುತ್ತದೆ. ಅದು ಸಡಿಲಿದರೆ ಯಂತ್ರ ಅಬ್ಬರಿಸುತ್ತದೆ, ದೋಣಿ ಮುಂದೆ ಸಾಗದು. ಪ್ರೊಪೆಲರು ಮೇಲಿನಿಂದ ಗಾಳಿಯನ್ನು ಎಳೆದುಕೊಂಡಾಗಲೂ ಹೀಗೆಯೇ ಆಗುವುದುಂಟು. ಬಲೆಯ ನೂಲೋ ಜೊಂಡೋ ಸುತ್ತಿಕೊಂಡರೆ ಅದಕ್ಕೆ ವಿರುದ್ಧವಾಗಿ ಯಂತ್ರವೇ ತಿಣುಕುತ್ತದೆ. ಯಾವುದಾದರೂ ಸರಿ, ವೇಗ ಹೆಚ್ಚಿಸದೆ ಯಂತ್ರವನ್ನು ಆರಿಸಿ, ಮೇಲೆತ್ತಿ ಪರೀಕ್ಷಿಸಬೇಕು.

ನೆರೆಯಲ್ಲಿ ಈಜುತ್ತಿರುವವನ ಬಳಿಗೆ ಹೋಗುವಾಗ ಯಂತ್ರವನ್ನು ಆರಿಸಲೇಬೇಕು. ಗೇರಿನಲ್ಲಿ ನಿಮಿಷಕ್ಕೆ ಬರಿಯ 400 ಸುತ್ತು ತಿರುಗುವ ಮೂರೆಲೆಯ ಪ್ರೊಪೆಲರು ಒಂದೇ ಸ್ಥಳವನ್ನು ಸೆಕೆಂಡಿಗೆ 20 ಸಲ ಸೀಳುತ್ತದೆ. ಕೈ ಹಿಂದೆಳೆದುಕೊಳ್ಳಲು ಅಷ್ಟರಲ್ಲಿ ಸಮಯವೆಲ್ಲಿ? ನಡೆಸುವವನೇ ನೀರಿಗೆ ಬಿದ್ದರೆ ಯಂತ್ರವನ್ನು ನಿಲ್ಲಿಸುವ ಸುರಕ್ಷಾ ದಾರವೂ ಅವನ ಮೈಗೆ ಕಟ್ಟಿರಬೇಕು.

2021ರ ಒಳನಾಡು ನೌಕೆಗಳ ಕಾಯಿದೆಯು ಯಂತ್ರದೋಣಿಯ ನೋಂದಣಿಯನ್ನೂ ನಡೆಸುವವರ ಅರ್ಹತೆಯನ್ನೂ ಕುರಿತು ಹೇಳುತ್ತದೆ. ಕಾಗದವು ಸರಿಯಿದ್ದರೆ ಸಾಲದು. ಒಂದು ಹೆಚ್ಚಿನ ಪ್ರೊಪೆಲರು, ಅರ್ಧ ಡಜನ್ ಪಿನ್ನುಗಳು, ಒಂದು ಚಾಕು, ಇಕ್ಕಳ, ಎರಡು ಹುಟ್ಟುಗಳು, ತಲೆಗೊಂದರಂತೆ ತೇಲುಕವಚ, ಮಳೆಗಾಲಕ್ಕೆ ಮುನ್ನ ಕಾರಂಜಾದ ನೀರಿನಲ್ಲಿ ಹತ್ತು ದಿನಗಳ ಅಭ್ಯಾಸ: ಖರೀದಿಯ ಪಟ್ಟಿಯಲ್ಲಿ ಇವಿಲ್ಲವಾದರೆ ಅದಕ್ಕೆ ಯಾರೂ ಸಹಿ ಹಾಕಬಾರದು.