ಟ್ರಂಕಿನಲ್ಲಿರುವ ಆಕರಗಳು: ಗಡಿಭಾಗದ ಸೈನಿಕರ ಪತ್ರಗಳನ್ನು ಕುರಿತು

ಕನ್ನಡ ಸಂಶೋಧನೆಗೆ ಯುದ್ಧದ ನೆನಪೆಂದರೆ ಮುಖ್ಯವಾಗಿ ವೀರಗಲ್ಲು. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರನನ್ನು ಮಾತ್ರವಲ್ಲ, ಹಂದಿಯೊಡನೆ ಹೋರಾಡಿ ಸತ್ತ ಅವನ ನಾಯಿ ಕಾಳಿಯನ್ನೂ ಆತಕೂರಿನ ಶಾಸನದ ಮೂಲಕ ನಾವು ಹೆಸರಿನಿಂದ ಬಲ್ಲೆವು. ಆದರೆ ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯಾದಲ್ಲಿ ಮಡಿದ ಭಾರತೀಯ ಸಿಪಾಯಿಗೆ ಆ ಭಾಗ್ಯವೂ ದೊರೆಯಲಿಲ್ಲ. ಬಸ್ರಾದ ಸ್ಮಾರಕದಲ್ಲಿ ಭಾರತೀಯ ಅಧಿಕಾರಿಗಳ ಹೆಸರುಗಳನ್ನು ಕೆತ್ತಿ, ಸಾಮಾನ್ಯ ಸಿಪಾಯಿಗಳನ್ನು ಪಡೆಯ ಹೆಸರಿನ ಕೆಳಗೆ ಬರಿಯ ಸಂಖ್ಯೆಯಾಗಿ ತೋರಿಸಲಾಯಿತು. ಇಂತಹ ಅಸಮಾನತೆ ನಡೆದುದನ್ನು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವೇ 2021ರ ವರದಿಯಲ್ಲಿ ಒಪ್ಪಿಕೊಂಡಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪರಿಸರಕ್ಕೆ ಇದು ದೂರದ ಸಂಗತಿಯಲ್ಲ. ಮರಾಠಾ ಪಡೆಯ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. 103, 110 ಮತ್ತು 117ನೆಯ ಮರಾಠಾ ಪಡೆಗಳು ಕೂಟ್ ಮುತ್ತಿಗೆಯಲ್ಲಿ ಸಿಲುಕಿ, 1916ರ ಏಪ್ರಿಲ್ 29ರಂದು ತುರ್ಕರಿಗೆ ಸೆರೆಯಾದವು. ಭಾರತೀಯ ಸಿಪಾಯಿಗಳ ಪತ್ರಗಳೆಂದೊಡನೆ ನಾವು ಡೇವಿಡ್ ಒಮಿಸ್ಸಿ 1999ರಲ್ಲಿ ಪ್ರಕಟಿಸಿದ ಸಂಕಲನವನ್ನು ನೆನೆಯುತ್ತೇವೆ. ಅದರ ಆಕರ ಫ್ರಾನ್ಸಿನಲ್ಲಿದ್ದ ಪಡೆಗಳ ಅಂಚೆಯನ್ನು ತೆರೆದು ಓದಿದ ಸೆನ್ಸಾರ್ ಅಧಿಕಾರಿಗಳ ವರದಿಗಳು. ಅಲ್ಲಿರುವ ಬಹುಪಾಲು ದನಿ ಪಂಜಾಬು ಮತ್ತು ಉತ್ತರ ಭಾರತದ್ದು. ನಮ್ಮ ಭಾಗದ ದನಿಯನ್ನು ಮನೆಗಳಲ್ಲಿಯೇ ಹುಡುಕಬೇಕು.

ಹುಡುಕಾಟಕ್ಕೆ ಮೊದಲ ತೊಡಕು ನಮ್ಮದೇ ವಿಷಯವಿಂಗಡಣೆ. ಈ ಭಾಗದ ಹಳೆಯ ಕಾಗದಗಳು ಹಲವೊಮ್ಮೆ ಮೋಡಿ ಲಿಪಿಯ ಮರಾಠಿಯಲ್ಲಿರುತ್ತವೆ. ಸೈನ್ಯದ ವ್ಯವಹಾರ ರೋಮನ್ ಲಿಪಿಯ ಹಿಂದುಸ್ತಾನಿಯಲ್ಲಿ ನಡೆಯುತ್ತಿತ್ತು. ಆದ್ದರಿಂದ ಇವು ಕನ್ನಡ ವಿಭಾಗಕ್ಕೆ ಸೇರಿದವಲ್ಲ ಎಂಬ ತೀರ್ಮಾನ ಸುಲಭವಾಗಿ ಬಂದುಬಿಡುತ್ತದೆ. ಆದರೆ ಓದುಬರಹ ಬಾರದ ಸಿಪಾಯಿ ಹೇಳಿ ಬರೆಸಿದ ಕಾಗದವನ್ನು ಊರಿನಲ್ಲಿ ಬಲ್ಲವರೊಬ್ಬರು ಓದಿ ಹೇಳಬೇಕಿತ್ತು. ಮನೆಮಾತು ಕನ್ನಡವಾಗಿದ್ದಲ್ಲಿ, ಕನ್ನಡದಲ್ಲಿ ಹುಟ್ಟಿದ ಮಾತು ಮತ್ತೊಂದು ಲಿಪಿಯನ್ನು ದಾಟಿ ಕನ್ನಡದ ಕಿವಿಗೇ ಮರಳುತ್ತಿತ್ತು. ಈ ದಾಟುವಿಕೆಯನ್ನು ಅಭ್ಯಸಿಸಬೇಕಾದವರು ನಾವಲ್ಲದೆ ಮತ್ತಾರು?

1956ರ ನಂತರದ ಪತ್ರಗಳ ವಿಷಯದಲ್ಲಿ ಈ ನೆಪವೂ ಉಳಿಯದು. ಕನ್ನಡ ಶಾಲೆಯಲ್ಲಿ ಕಲಿತು 1962, 1965, 1971ರ ಯುದ್ಧಗಳ ಕಾಲದಲ್ಲಿ ಸೈನ್ಯದಲ್ಲಿದ್ದವರು ಇನ್‌ಲ್ಯಾಂಡ್ ಪತ್ರಗಳಲ್ಲಿ ಕನ್ನಡವನ್ನೇ ಬರೆದರು. ವಿಳಾಸದಲ್ಲಿ ಊರಿನ ಹೆಸರಿಲ್ಲ, ‘56 ಎ.ಪಿ.ಓ.’ ಎಂದಷ್ಟೇ ಇರುತ್ತದೆ. ‘ಉಭಯ ಕುಶಲೋಪರಿ’ಯ ಹಿಂದೆ ಯುದ್ಧ ಅಡಗಿರುತ್ತದೆ. ಹೇಳಬಾರದುದನ್ನು ಹೇಳದೆಯೇ ತಿಳಿಸುವ ಈ ಗದ್ಯ ನಮ್ಮ ಶೈಲಿಶಾಸ್ತ್ರಕ್ಕೆ ಅಪೂರ್ವ ಸಾಮಗ್ರಿ. ಮೊಬೈಲ್ ಫೋನು ಬಂದ ಮೇಲೆ ಈ ಪ್ರಕಾರವೇ ಬಹುತೇಕ ನಿಂತುಹೋಗಿದೆ.

ಕ್ಷೇತ್ರಕಾರ್ಯಕ್ಕೆಂದು ರಾಯಬಾಗ ಭಾಗದ ಮನೆಯೊಂದಕ್ಕೆ ಹೋಗಿದ್ದೆ. ತೀರಿಕೊಂಡ ಹವಾಲ್ದಾರರೊಬ್ಬರ ಪತ್ನಿ ಟ್ರಂಕು ತೆರೆದು ಪಿಂಚಣಿ ಆದೇಶ, ಬಿಡುಗಡೆ ಪುಸ್ತಕ, ಪದಕಗಳನ್ನು ತೋರಿಸಿದರು. ಪತ್ರಗಳನ್ನು ಕೇಳಿದೆ. “ಅವ್ನೆಲ್ಲಾ ಹೊಸಾ ಮನಿ ಕಟ್ಟೂ ಮುಂದ ಒಲಿಗೆ ಹಾಕಿದ್ವಿರಿ. ಅದರಾಗ ಏನಿತ್ತರಿ, ಬರೇ ಮನಿ ಮಾತು” ಎಂದರು. ಸರಕಾರ ಕೇಳುವ ಕಾಗದ ಉಳಿದಿತ್ತು. ಯಾರೂ ಕೇಳದ ಕಾಗದ ಬೂದಿಯಾಗಿತ್ತು. ಆ ತಾಯಿಯ ತಪ್ಪೇನೂ ಇಲ್ಲ. ಕೇಳಬೇಕಾದವರು ನಾವು, ತಡವಾಗಿ ಹೋದೆವು.

ಆಗಬೇಕಾದ ಕೆಲಸ ದೊಡ್ಡ ಅನುದಾನವನ್ನು ಬೇಡುವುದಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಇದನ್ನು ವಿಷಯವಾಗಿ ಕೊಡಬಹುದು. ಮೂಲಪ್ರತಿಯನ್ನು ಮನೆಯಲ್ಲಿಯೇ ಬಿಟ್ಟು ಛಾಯಾಪ್ರತಿ ತೆಗೆದುಕೊಳ್ಳಬೇಕು. ಸಾಲ, ಜಗಳ, ದಾಂಪತ್ಯದ ಮಾತುಗಳಿರುವುದರಿಂದ ಮನೆಯವರ, ವಿಶೇಷವಾಗಿ ಹೆಣ್ಣುಮಕ್ಕಳ ಒಪ್ಪಿಗೆಯಿಲ್ಲದೆ ಏನನ್ನೂ ಪ್ರಕಟಿಸಬಾರದು. ಮೋಡಿ ಓದಬಲ್ಲವರ ನೆರವನ್ನು ಕೊಲ್ಹಾಪುರದ ಕಡೆಯಿಂದ ಪಡೆಯುವುದಕ್ಕೆ ಗಡಿವಿವಾದ ಅಡ್ಡಿಯಾಗಬಾರದು. ರಾಯಬಾಗವೇ 1949ರವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿತ್ತು.

ಕಲ್ಲು ಸಾವಿರ ವರ್ಷ ಕಾದಿತು. ಗೆದ್ದಲು ಹಿಡಿಯುವ ಕಾಗದಕ್ಕೆ ಆ ತಾಳ್ಮೆಯಿಲ್ಲ. “ಬರೇ ಮನಿ ಮಾತು” ಎಂದು ಆ ತಾಯಿ ಕರೆದುದನ್ನು ಸಾಹಿತ್ಯದ ವಿದ್ಯಾರ್ಥಿಗಳಾದ ನಾವಾದರೂ ಮನೆಯ ಮಾತೆಂದೇ ಗೌರವಿಸಿ ಓದಬೇಕು.