ಟೆನ್ಶನ್ ಮಾಡ್ಕೋಬೇಡ ಅನ್ನೋರಿಗೆ ಒಂದು ಮಾತು

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ "ಥೈರಾಯ್ಡ್" ಅಂದೆ. ಎಲ್ಲರದ್ದೂ ಒಂದೇ ಉತ್ತರ: "ಅಷ್ಟೇನಾ? ಟೆನ್ಶನ್ ಮಾಡ್ಕೋಬೇಡ, ಸರಿಹೋಗುತ್ತೆ."

ಸ್ವಾಮಿ, ಈ ಮಾತು ಕೇಳಿ ಕೇಳಿ ಸಾಕಾಗಿದೆ!

ನನ್ನದು ಹಶಿಮೊಟೊ. 1912ರಲ್ಲಿ ಹಕಾರು ಹಶಿಮೊಟೊ ಅನ್ನೋ ಜಪಾನಿ ವೈದ್ಯ ಮೊದಲು ವಿವರಿಸಿದ ಕಾಯಿಲೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿಯ ಮೇಲೆ ಬೀಳುತ್ತೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಹಾರ್ಮೋನು ಕಮ್ಮಿಯಾದರೆ ಸುಸ್ತು, ಮರೆವು, ಚಳಿ, ಸುಮ್ಸುಮ್ನೆ ಅಳು. ಅಂದರೆ ನೀವು ಕಾರಣ ಅಂದುಕೊಂಡಿರೋ ಟೆನ್ಶನ್ ಎಷ್ಟೋ ಸಲ ಕಾಯಿಲೆಯ ಫಲ!

ಇದು ಬರೀ ಮಾತಿನ ಜಗಳ ಅಲ್ಲ. "ಮನಸ್ಸು ಗಟ್ಟಿಯಿದ್ರೆ ಮಾತ್ರೆ ಯಾಕೆ?" ಅಂತ ಹತ್ತಿರದವರೊಬ್ಬರು ಹೇಳಿದ್ದನ್ನು ನಂಬಿ ಮಾತ್ರೆ ಬಿಟ್ಟೆ. ದಿನಾ ಪ್ರಾಣಾಯಾಮ ಮಾಡಿದೆ. ಮೂರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಮಗಳ ಸ್ಕೂಲು ಬಿಡೋ ಹೊತ್ತು ಮರೆತು ಮಲಗಿಬಿಟ್ಟೆ. ಎದ್ದು ಓಡಿದಾಗ ಗೇಟಿನ ಹತ್ತಿರ ಒಬ್ಬಳೇ ನಿಂತಿದ್ದಳು. ಅವತ್ತೂ ಬೈದುಕೊಂಡದ್ದು ನನ್ನನ್ನೇ, ಮನಸ್ಸು ಗಟ್ಟಿಯಿಲ್ಲ ಅಂತ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ, 4ರ ಆಸುಪಾಸು ದಾಟಬಾರದ ಟಿಎಸ್‌ಎಚ್ 40 ದಾಟಿತ್ತು.

ಪ್ರಾಣಾಯಾಮ ಬೇಡ ಅಂತಿಲ್ಲ. ಈಗಲೂ ಮಾಡ್ತೀನಿ, ಮನಸ್ಸಿಗೆ ಹಿತ. ಆದರೆ ಅದು ಥೈರಾಕ್ಸಿನ್‌ನ ಕೆಲಸ ಮಾಡಲ್ಲ, ಅಷ್ಟೇ.

ನನ್ನ ಕೈಹಿಡಿದದ್ದು ಸಣ್ಣಪುಟ್ಟ ಶಿಸ್ತು. ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಕಾಫಿ ಒಂದು ಗಂಟೆ ಬಿಟ್ಟು (ಇದೇ ದೊಡ್ಡ ತಪಸ್ಸು!). ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ. ಡೋಸ್ ಬದಲಾದರೆ 6-8 ವಾರಕ್ಕೆ ಮತ್ತೆ ಪರೀಕ್ಷೆ. ಅಲ್ಲಿವರೆಗೆ "ಇನ್ನೂ ಸುಸ್ತು ಹೋಗಿಲ್ಲ" ಅಂತ ನನ್ನನ್ನು ನಾನೇ ಹಳಿದುಕೊಳ್ಳೋ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯ, ಮನೆಯವರಿಗೆ ಬಾಯಿಬಿಟ್ಟು ಹೇಳೋದು: ಇವತ್ತು ಪಾತ್ರೆ ನೀವು ತೊಳೀರಿ.

ಹಾಗಾಗಿ "ಟೆನ್ಶನ್ ಮಾಡ್ಕೋಬೇಡ" ಅನ್ನೋ ಬದಲು "ಮಾತ್ರೆ ತಗೊಂಡ್ಯಾ? ಅಡುಗೆ ನಾನು ನೋಡ್ಕೊಳ್ಲಾ?" ಅಂತ ಕೇಳಿ ನೋಡಿ. ಆಗ ಟೆನ್ಶನ್ ನಿಜವಾಗ್ಲೂ ಕಮ್ಮಿಯಾಗುತ್ತೆ.

ಏನಂತೀರಿ?