ತಾಮ್ರದ ಲೆಕ್ಕ, ಮೆದುಳಿನ ಲೆಕ್ಕ

ಅಪರೂಪದ ಕಾಯಿಲೆಗಳಿಗಾಗಿ ಕೇರಳ ಸರ್ಕಾರ 2024ರಲ್ಲಿ ‘ಕೇರ್’ ಯೋಜನೆ ಆರಂಭಿಸಿತು. ತಿರುವನಂತಪುರದ ಎಸ್.ಎ.ಟಿ. ಆಸ್ಪತ್ರೆಯಲ್ಲಿ ಅಂಥ ಮಕ್ಕಳಿಗೆ ಚಿಕಿತ್ಸೆಯಿದೆ; ಕೊಚ್ಚಿಯಲ್ಲಿ ಯಕೃತ್ತಿನ ಕಸಿಯೂ ನಡೆಯುತ್ತದೆ. ಚಿಕಿತ್ಸೆಯ ಜೊತೆಗೆ ಅದರ ಫಲವನ್ನು ಅಳೆಯುವ ವ್ಯವಸ್ಥೆಯೂ ಬೇಕೆಂಬುದು ನನ್ನ ವಾದ.

ವಿಲ್ಸನ್ ಕಾಯಿಲೆಯನ್ನೇ ನೋಡಿ. ದೇಹ ಹೊರಹಾಕಲಾರದ ತಾಮ್ರ ಯಕೃತ್ತಿನಲ್ಲೂ ಮೆದುಳಿನಲ್ಲೂ ಶೇಖರವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮೂರು ದಶಕಗಳಲ್ಲಿ ಕಂಡ 282 ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ನಮ್ಮಲ್ಲಿ ಇದು ಅಪರಿಚಿತ ರೋಗವಲ್ಲ. ತಾಮ್ರವನ್ನು ಇಳಿಸುವ ಔಷಧ ಆರಂಭಿಸಿದ ಬಳಿಕ ಕೆಲವರಲ್ಲಿ ನಡುಕ, ಮಾತಿನ ತೊದಲು ಹೆಚ್ಚುವುದುಂಟು. ಆಗ ತಾಮ್ರದ ಪರೀಕ್ಷೆ ಲೋಹದ ಲೆಕ್ಕವನ್ನಷ್ಟೇ ಕೊಡುತ್ತದೆ.

ನರತಂತು ಹಾನಿಗೊಂಡಾಗ ರಕ್ತಕ್ಕೆ ಸೋರುವ ನ್ಯೂರೋಫಿಲಮೆಂಟ್ ಲೈಟ್ ಎಂಬ ಪ್ರೋಟೀನು ಮೆದುಳಿನ ಲೆಕ್ಕ ಕೊಡಬಲ್ಲದು. ಆದರೆ ಅದು ಹಾನಿಯ ಕಾರಣವನ್ನು ಹೇಳದು. ವಯಸ್ಸಿನೊಂದಿಗೆ ಅದರ ಪ್ರಮಾಣವೂ ಬದಲಾಗುತ್ತದೆ. ಆದ್ದರಿಂದ ಒಂದು ಅಂಕಿಯನ್ನೇ ತೀರ್ಪೆನ್ನಲಾಗದು. ಅದೇ ರೋಗಿಯಲ್ಲಿ ಮರಳಿ ಮರಳಿ ಅಳೆಯಬೇಕು. ನಮ್ಮ ಆರೋಗ್ಯವಂತ ಮಕ್ಕಳ ಪ್ರಮಾಣಗಳೂ ಗೊತ್ತಿರಬೇಕು. ಈ ಎರಡು ನಗರಗಳ ಆಸ್ಪತ್ರೆಗಳೂ ಬೆಂಗಳೂರೂ ಕೂಡಿ ಈ ಕೆಲಸ ಮಾಡಬೇಕು. ಸಾರ್ವಜನಿಕ ಹಣ ಔಷಧಕ್ಕೆ ಮಾತ್ರ ಸಂದು ಅಳತೆಗೆ ಸಲ್ಲದಿದ್ದರೆ, ಮಗು ಗುಣವಾಗುತ್ತಿದೆಯೇ ಎಂಬ ತಾಯಿಯ ಪ್ರಶ್ನೆಗೆ ಉತ್ತರ ಅರ್ಧವೇ ಉಳಿದೀತು.